ಹೂ ಬಾಡುವ ಮೊದಲು

ಹೊಸ ಹೂ ಸಿಕ್ಕಿತು ಅಂದರೆ ಜನ ಮೊದಲು ಕೇಳುವುದು ಬೆಟ್ಟ ಹತ್ತಿದ ಕಥೆಯನ್ನು. ಹತ್ತಿದ್ದು ನಿಜ, ಮಳೆಯಲ್ಲಿ ನೆನೆದದ್ದೂ ನಿಜ. ಆದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಜಾಸ್ತಿ ಏನಿಲ್ಲ. ನನಗೆ ನೆನಪಿರುವುದು ಅದರ ಮಾರನೆಯ ದಿನ. ಮೇಜಿನ ಮೇಲೆ ಸೂಕ್ಷ್ಮದರ್ಶಕ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೂಗಳು. ಸಂಜೆಯೊಳಗೆ ಅವು ಬಾಡಿಹೋಗುತ್ತವೆ. ಅಷ್ಟರಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ ಬರೆದುಕೊಳ್ಳಬೇಕು.

ಗಿಡ ಇಂಪೇಷಿಯನ್ಸ್ ಕುಲದ್ದು, ಅಂದರೆ ನಮ್ಮ ಕರ್ಣಕುಂಡಲದ ಬಳಗ. ಕರ್ಣಕುಂಡಲಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಹೆಸರಿಟ್ಟಿದ್ದ. ಈಗ ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ತೇವ ತುಂಬಿದ ಬೆಟ್ಟಗಳಲ್ಲಿ ಬೆಳೆಯುತ್ತವೆ. ಒಂದು ಬೆಟ್ಟದಲ್ಲಿದ್ದದ್ದು ಪಕ್ಕದ ಬೆಟ್ಟದಲ್ಲಿ ಸಿಗದೇ ಇರುವುದೂ ಉಂಟು. ಹಾಗಾಗಿ ಹೊಸದೊಂದು ಕಣ್ಣಿಗೆ ಬೀಳುವುದು ಪವಾಡವೇನಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2000 ಹೊಸ ಸಸ್ಯಗಳಿಗೆ ಹೆಸರಿಡುತ್ತಾರೆ. ಕಷ್ಟ ಇರುವುದು ಅದು ಹೊಸದು ಅಂತ ತೋರಿಸಿಕೊಡುವುದರಲ್ಲಿ.

ಬಂಡೆಯ ಬಿರುಕಿನ ಉದ್ದಕ್ಕೂ ಇದ್ದ ಗಿಡಗಳು ಎಣಿಸಿದರೆ ಐವತ್ತೂ ಆಗಲಿಲ್ಲ. ಬೆಳೆದ ಗಿಡಗಳು ಐವತ್ತಕ್ಕಿಂತ ಕಡಿಮೆ ಇದ್ದರೆ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಲೆಕ್ಕದಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದ. ಆದರೆ ಹೆಸರಿಡಬೇಕಾದರೆ ಒಂದು ಮಾದರಿಯನ್ನಾದರೂ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಡಲೇಬೇಕು. ಅದೇ ಹೋಲೋಟೈಪ್. ನಾಳೆ ಯಾರಿಗೇ ಅನುಮಾನ ಬಂದರೂ ತೆಗೆದು ನೋಡುವುದು ಅದನ್ನೇ. "ಬೇರು ಮುಟ್ಟಬೇಡ. ಒಂದು ಕವಲು ಸಾಕು, ಜೊತೆಗೆ ಬಿಡಿ ಹೂ," ಅಂದಿದ್ದರು ನಮ್ಮ ಮೇಡಂ. ಬೇರೆ ಹರ್ಬೇರಿಯಂಗಳಿಗೆ ಕಳಿಸಲು ಜೋಡಿ ಮಾದರಿ ತೆಗೆಯುವುದು ವಾಡಿಕೆ. ಈ ಸಲ ಅದನ್ನು ಬಿಟ್ಟೆವು.

ಈ ಹೂವನ್ನು ಒತ್ತಿ ಒಣಗಿಸಿದರೆ ಅದರ ಕಥೆ ಮುಗಿದ ಹಾಗೆ. ದಳಗಳು ಎಷ್ಟು ತೆಳು ಅಂದರೆ ಒಂದಕ್ಕೊಂದು ಅಂಟಿಕೊಂಡು ಒಂದೇ ಕಲೆಯಾಗಿಬಿಡುತ್ತವೆ. ಇಂಗ್ಲಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ತನ್ನ ಕೊನೆಯ ವರ್ಷಗಳನ್ನು ಈ ಕುಲಕ್ಕೇ ಮೀಸಲಿಟ್ಟಿದ್ದ. 1911ರಲ್ಲಿ ತೀರಿಕೊಂಡಾಗ ಅವನಿಗೆ 94 ವರ್ಷ. ಆ ವಯಸ್ಸಿನಲ್ಲಿ ಒಣಗಿದ ಇಂಪೇಷಿಯನ್ಸ್ ಹೂ ಬಿಡಿಸುತ್ತಾ ಕೂರುವುದೆಂದರೆ ಹಟವೇ ಸರಿ!

ನಮ್ಮದು ತಾಜಾ ಹೂ. ಬಿಡಿಸಿ ಕಪ್ಪು ಕಾಗದದ ಮೇಲೆ ಹರಡಿದೆವು. ನೋಡಿದರೆ ಮೂರೇ ದಳ ಅನ್ನಿಸುತ್ತದೆ, ಇರುವುದು ಐದು. ಮೇಲಿನದು ಒಂಟಿ, ಉಳಿದ ನಾಲ್ಕು ಎರಡೆರಡಾಗಿ ಕೂಡಿಕೊಂಡಿವೆ. ಕೆಳಗಿನ ಪುಷ್ಪಪತ್ರ (ದಳಗಳ ಹೊರಗಿನ ಎಸಳು) ದಳದಂತೆಯೇ ಬಣ್ಣ ತಾಳಿ, ಹಿಂದಕ್ಕೆ ಬಾಲದ ಹಾಗೆ ಚಾಚಿರುತ್ತದೆ. ಮಕರಂದ ಇರುವುದು ಆ ಬಾಲದಲ್ಲಿ. ನಮ್ಮ ಹೂವಿನಲ್ಲಿ ಅದು ಗೂಟದ ಹಾಗೆ ಗಿಡ್ಡ, ತುದಿಯಲ್ಲಿ ಒಂದಿಷ್ಟು ಬಾಗಿತ್ತು. ನಾನು ಸ್ಕೇಲು ತೆಗೆದೆ. "ಬಾಗಿದ್ದನ್ನು ಸ್ಕೇಲಿನಲ್ಲಿ ಅಳೆಯೋದಾ? ದಾರ ತಗೋ," ಅಂದರು ಮೇಡಂ.

ಕೇಸರಗಳು ಇನ್ನೂ ಮಜವಾಗಿವೆ. ಐದೂ ಸೇರಿ ಹೆಣ್ಣು ಭಾಗದ ಮೇಲೆ ಟೊಪ್ಪಿಯಂತೆ ಕೂತಿರುತ್ತವೆ. ಪರಾಗ ಹಂಚಿ ಮುಗಿದ ಮೇಲೆ ಟೊಪ್ಪಿ ಕಳಚಿ ಬೀಳುತ್ತದೆ, ಆಗ ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ, ಶಲಾಕಾಗ್ರ, ಹೊರಗೆ ಕಾಣುತ್ತದೆ. ಒಂದೇ ಹೂ ಮೊದಲು ಗಂಡು, ಆಮೇಲೆ ಹೆಣ್ಣು. ಎರಡೂ ಹಂತದ ಹೂಗಳನ್ನು ನೋಡದೆ ಬರೆದ ವಿವರಣೆ ಅರ್ಧವೇ. ನಮ್ಮ ಪುಣ್ಯಕ್ಕೆ ಎರಡೂ ಇದ್ದವು. ಬಣ್ಣವನ್ನೂ ಆಗಲೇ ಪಟ್ಟಿಗೆ ಹೋಲಿಸಿ ಬರೆದುಕೊಂಡೆವು. 70 ಶೇಕಡಾ ಆಲ್ಕೋಹಾಲಿಗೆ ಹಾಕಿದರೆ ಹೂವಿನ ಆಕಾರ ಉಳಿಯುತ್ತದೆ, ಬಣ್ಣ ಹೊರಟುಹೋಗುತ್ತದೆ.

ಮಧ್ಯಾಹ್ನದ ಮೇಲೆ ಹೋಲಿಕೆಯ ಕೆಲಸ. ತೀರಾ ಹತ್ತಿರದ ಪ್ರಭೇದ ಯಾವುದು, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಬಾಲದ ಉದ್ದ ಒಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ನೆಲ, ನೆರಳು ಬದಲಾದರೆ ಅಳತೆಯೂ ಹೆಚ್ಚುಕಮ್ಮಿ ಆಗುತ್ತದೆ. ಎಲೆಯ ಅಂಚಿನ ಗ್ರಂಥಿ, ತೊಟ್ಟಿನ ರೋಮ, ಬಾಲ, ಮೂರೂ ಬೇರೆಯಾಗಿದ್ದಾಗ ಧೈರ್ಯ ಬಂತು. ಆ ಹತ್ತಿರದ ಪ್ರಭೇದದ ಒಣ ಗಿಡ ಅಂಟಿಸಿದ ಹಾಳೆಗಳನ್ನು ಹರ್ಬೇರಿಯಂನ ಕಪಾಟಿನಿಂದ ತೆಗೆದು ಒಂದೊಂದಾಗಿ ತಿರುವುತ್ತಿದ್ದೆ. ಒಂದು ಹಳದಿ ಹಾಳೆಯಲ್ಲಿ ಕೈ ನಿಂತಿತು. ಹೂ ಇದ್ದ ಜಾಗದಲ್ಲಿ ಕಂದು ಕಲೆ. ಆದರೆ ಎಲೆಯ ಅಂಚಿನ ಗ್ರಂಥಿ ನಮ್ಮದರಂತೆಯೇ ಇತ್ತು, ತೊಟ್ಟಿನ ರೋಮವೂ ಹಾಗೆಯೇ. ನಾವು ಹುಟ್ಟುವುದಕ್ಕೆ ಮೊದಲೇ ಯಾರೋ ಅದೇ ಬೆಟ್ಟಸಾಲಿನಿಂದ ತಂದು, ಬೇರೆ ಹೆಸರು ಬರೆದು ಇಟ್ಟಿದ್ದರು.

ಇಂಥದ್ದು ಅಪರೂಪವಲ್ಲ. 2010ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಮೊದಲು ಸಂಗ್ರಹಿಸಿದ ಐದು ವರ್ಷದೊಳಗೆ ಹೆಸರು ಪಡೆಯುವ ಹೊಸ ಪ್ರಭೇದಗಳು ಶೇಕಡಾ 16 ಮಾತ್ರ. ಕಾಲುಭಾಗದಷ್ಟಕ್ಕೆ ಐವತ್ತು ವರ್ಷಕ್ಕೂ ಹಳೆಯ ಮಾದರಿಗಳಿದ್ದವು. ಅಂದಮೇಲೆ 'ಕಂಡುಹಿಡಿದವರು' ಅಂತ ನಮ್ಮನ್ನು ಕರೆಯುವುದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ? ನಮ್ಮ ಪ್ರಬಂಧದಲ್ಲಿ ಆ ಹಾಳೆಯನ್ನೂ ಸೇರಿಸಿದೆವು.

ಬರೆಯುವ ಕೆಲಸ ಈಗ ಹಿಂದಿನಷ್ಟು ಕಷ್ಟವಿಲ್ಲ. 2011ರ ಕೊನೆಯವರೆಗೂ ಹೊಸ ಸಸ್ಯದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು. 2012ರ ಜನವರಿ 1ರಿಂದ ಇಂಗ್ಲಿಷ್‌ನಲ್ಲೂ ಬರೆಯಬಹುದು.

ಕೊನೆಗೆ ತಕರಾರು ಆದದ್ದು ಗಿಡ ಸಿಕ್ಕಿದ ಜಾಗದ ಬಗ್ಗೆ. ನಿಖರ ಅಕ್ಷಾಂಶ, ರೇಖಾಂಶ ಕೊಡೋಣ, ಇಲ್ಲದಿದ್ದರೆ ಬೇರೆಯವರು ಪರೀಕ್ಷಿಸುವುದು ಹೇಗೆ ಅಂತ ನಾನು ವಾದಿಸಿದೆ. ಅಚ್ಚಾದ ಮಾರನೇ ದಿನವೇ ಯಾರಾದರೂ ಗಿಡ ಕಿತ್ತುಕೊಂಡು ಹೋದರೆ ಆಗ ಪರೀಕ್ಷಿಸುವುದು ಏನನ್ನು ಅಂತ ಮೇಡಂ ಕೇಳಿದರು. ಪ್ರಬಂಧದಲ್ಲಿ ಬೆಟ್ಟಸಾಲಿನ ಹೆಸರು, ಎತ್ತರ ಮಾತ್ರ ಇದೆ. ನಿಖರ ಜಾಗ ಬೇಕಾದವರು ಕಾರಣ ತಿಳಿಸಿ ಹರ್ಬೇರಿಯಂಗೆ ಪತ್ರ ಬರೆಯಬೇಕು. ಬಂದ ಪತ್ರಗಳನ್ನು ಓದಿದ ಮೇಲೆ ನಾನು ಆ ವಾದ ಮುಂದುವರಿಸಿಲ್ಲ.