ದೊಡ್ಡವ್ವ ತುಂಬಿದ ಉಡಿ

ಹೋದ ತಿಂಗಳು ನನ್ನ ತಂಗಿಯ ಕುಬಸ, ಅಂದರೆ ಸೀಮಂತ, ಆಯಿತು, ಹುಬ್ಬಳ್ಳಿಯ ನಮ್ಮ ಮನೆಯಲ್ಲೇ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ತಲೆತುಂಬ ಮಲ್ಲಿಗೆ. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಉಡಿ ತುಂಬುತ್ತಿದ್ದರು. ತಂಗಿ ಸೆರಗು ಹಿಡಿದುಕೊಂಡೇ ಕೇಳಿದಳು, "ದೊಡ್ಡವ್ವ ಎಲ್ಲಿ? ದೊಡ್ಡವ್ವ ತುಂಬದ ನಾ ಏಳಂಗಿಲ್ಲ."

ಎಲ್ಲರೂ ಸುಮ್ಮನಾದರು. ದೊಡ್ಡವ್ವ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಅವಳಿಗೆ ಗಂಡ ಇಲ್ಲ.

ಉಡಿ ತುಂಬುವುದು ಅಂದರೆ, ಬೆಂಗಳೂರು ಮೈಸೂರು ಕಡೆಯವರು ಮಡಿಲು ತುಂಬುವುದು ಅಂತೀರಲ್ಲ, ಹೆಚ್ಚುಕಡಿಮೆ ಅದೇ. ಸೆರಗು ಒಡ್ಡಿ ನಿಂತ ಹೆಣ್ಣಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ, ಕುಪ್ಪಸದ ಖಣ ಹಾಕುತ್ತಾರೆ. ಬರೀ ಸಾಮಾನಲ್ಲ ಅದು. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ನಿನ್ನ ಮನೆ ತುಂಬಿರಲಿ ಅಂತ ಕೈಯಾರೆ ಹೇಳುವ ರೀತಿ. ನನಗೆ ಅದು ತುಂಬಾ ಇಷ್ಟ. ನನ್ನ ಮದುವೆಯಲ್ಲಿ ಸೆರಗಿನ ಭಾರ ಹೊಟ್ಟೆಗೆ ತಾಗಿದಾಗ ಕಣ್ಣು ತುಂಬಿ ಬಂದಿತ್ತು. ಅದನ್ನು ಬಿಟ್ಟುಬಿಡಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ದೊಡ್ಡವ್ವನ ಊರು ಲಕ್ಷ್ಮೇಶ್ವರದ ಹತ್ತಿರ. ದೊಡ್ಡಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೊಂಬತ್ತು, ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು. ಗಂಡ ಇದ್ದಾಗ ಮಾವನ ಎದುರು ತಲೆ ಮೇಲಿನ ಸೆರಗು ಜಾರುವಂತಿರಲಿಲ್ಲ. ಹೊಲಕ್ಕೆ ಬುತ್ತಿ ಒಯ್ದರೂ ದಾರಿಯಲ್ಲಿ ನಿಂತು ಯಾರ ಜೊತೆಗೂ ಮಾತಾಡುವಂತಿರಲಿಲ್ಲ. ಅವನು ಸತ್ತ ಮೇಲೆ ಹೊಲ ನೋಡುವವರೇ ಇರಲಿಲ್ಲ. ಎರಡು ವರ್ಷದೊಳಗೆ ಅವಳು ಉಳ್ಳಾಗಡ್ಡಿ ಚೀಲ ಹೇರಿಕೊಂಡು ತಾನೇ ಗದಗಿನ ಮಾರುಕಟ್ಟೆಗೆ ಹೋಗುತ್ತಿದ್ದಳು. ದಲಾಲಿಯ ಜೊತೆ ರೇಟಿಗೆ ಕುಸ್ತಿ ಹಿಡಿಯುತ್ತಿದ್ದಳು. ಗುಡಿಕಟ್ಟೆಯ ಮೇಲೆ ಗಂಡಸರ ನಡುವೆ ಕೂತು ಯಾರ ಹೊಲದ ಬದು ಎಲ್ಲಿಗೆ ಅಂತ ಪಂಚಾಯ್ತಿ ಹೇಳುತ್ತಿದ್ದಳು. ಯಾರೂ ತಪ್ಪು ತಿಳಿಯಲಿಲ್ಲ. "ಇನ್ನ ನನ್ನ ಏನ್ ನೋಡ್ತಾರವಾ" ಅಂತ ಒಮ್ಮೆ ನನಗೆ ಹೇಳಿದ್ದಳು. ಹೊಸ್ತಿಲು ದಾಟಲು ಬಿಟ್ಟದ್ದೂ ಅದೇ ವಿಧವೆ ಅನ್ನುವ ಹೆಸರು, ಶುಭಕಾರ್ಯದಲ್ಲಿ ಅಡುಗೆಮನೆಗೆ ಕಳಿಸಿದ್ದೂ ಅದೇ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಅವಳಿಗೆ ಸಿಕ್ಕ ಸ್ವಾತಂತ್ರ್ಯಕ್ಕೆ ಅವಳು ಯಾವ ಬೆಲೆ ಕೊಡುತ್ತಿದ್ದಾಳೆ ಅಂತ ನಾವ್ಯಾರೂ ಕೇಳಲೇ ಇಲ್ಲ.

ಅವಳಿಗೆ ಬರುವಷ್ಟು ಹಾಡು ನಮ್ಮ ಬಳಗದಲ್ಲಿ ಯಾರಿಗೂ ಬರುವುದಿಲ್ಲ. ಬೀಸುವ ಪದ, ಸೋಬಾನ ಪದ, ಪಂಚಮಿಯ ಜೋಕಾಲಿ ಪದ. ಬೀಸುವ ಪದ ಕೇಳಿದವರಿಗೆ ಗೊತ್ತು, ಅದರಲ್ಲಿ ಎಷ್ಟು ಸಿಟ್ಟಿದೆ, ಎಷ್ಟು ಅಳು ಇದೆ ಅಂತ. ಮನೆಯಲ್ಲಿ ಬಾಯಿಬಿಟ್ಟು ಅತ್ತೆಯನ್ನು ಬೈದರೆ ಜಗಳ. ಅದನ್ನೇ ಬೀಸುಕಲ್ಲಿನ ಮುಂದೆ ಹಾಡಿದರೆ ಅತ್ತೆಯೂ ದನಿಗೂಡಿಸುತ್ತಿದ್ದಳಂತೆ. ಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರಬೇಕು, ತವರಿಗೆ ಹೋಗಬೇಕು, ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಬೇಕು, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ತಿನ್ನಬೇಕು. ವರ್ಷವಿಡೀ ಮೆಲ್ಲಗೆ ಮಾತಾಡುವ ಸೊಸೆಯಂದಿರು ಆ ನಾಲ್ಕು ದಿನ ಗಿಡದ ತುದಿ ಮುಟ್ಟುವಂತೆ ಜೀಕಿ ಕೇಕೆ ಹಾಕುತ್ತಾರೆ. ಆ ನಾಲ್ಕು ದಿನವನ್ನೂ ಕಿತ್ತುಕೊಂಡಿದ್ದರೆ ನಮ್ಮ ಅಜ್ಜಿಯಂದಿರು ಹೇಗೆ ಬದುಕುತ್ತಿದ್ದರೋ, ನನಗೆ ಊಹಿಸಲೂ ಆಗುವುದಿಲ್ಲ. ಆಮೇಲೆ ಮತ್ತೆ ಗಂಡನ ಮನೆ, ಮತ್ತೆ ತಗ್ಗಿದ ದನಿ. ಅದೂ ನಿಜವೇ.

ಮದುವೆಗಳಲ್ಲಿ ಸೋಬಾನಕ್ಕೆ ದೊಡ್ಡವ್ವನೇ ಬೇಕು. ಆದರೆ ಅವಳು ಹಂದರದೊಳಗೆ ಬರುವುದಿಲ್ಲ. ಅಡುಗೆಮನೆಯ ಹೊಸ್ತಿಲ ಒಳಗೆ ಕೂತು ಹಾಡುತ್ತಾಳೆ, ಹೊರಗಿನ ಮುತ್ತೈದೆಯರು ಸೊಲ್ಲು ಹಿಡಿಯುತ್ತಾರೆ. ದನಿ ಬೇಕು, ಆಳು ಬೇಡ.

ಇದನ್ನು ಬರೆಯುವಾಗ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು. ಆಗ ಹನ್ನೊಂದರ ವಯಸ್ಸು. ಅವತ್ತು ಅವರಿಗೆ ಇದ್ದ ಹೆದರಿಕೆ ಹಾಡಿನದ್ದಲ್ಲ, ಕೆಳಜಾತಿಯವಳು ಅಂತ ಊಟದ ಎಲೆ ತೆಗೆಯಲು ಹೇಳಿಬಿಟ್ಟರೆ ಏನು ಮಾಡಲಿ ಅನ್ನುವುದು. ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಬೀದಿಯಲ್ಲಿ ನಡೆದು ಹೋದರೆ ಜನ 'ಗಾನೇವಾಲಿ' ಅಂತ ಕೂಗಿ ಅಣಕಿಸುತ್ತಿದ್ದರು. ತಾಯಿ ಅಂಬಾಬಾಯಿಯವರಿಂದ ಬಂದ ಹಾಡೇ ಅವರನ್ನು ಎತ್ತಿ ನಿಲ್ಲಿಸಿತು. ಆ ಹಾಡಿನ ಹೆಸರು ಹಿಡಿದೇ ಊರು ಅವರನ್ನು ದೂರ ಇಟ್ಟಿತು. ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ್, ಹೆಂಗಸು ಮಾತ್ರ ಹೆಸರಿನ ಕೊನೆಯ ಬರೀ 'ಬಾಯಿ' ಆಗಿಯೇ ಉಳಿಯುತ್ತಾಳೆ ಅಂತ ಅವರೇ ಹೇಳಿದ್ದರು. 2002ರಲ್ಲಿ ಪದ್ಮವಿಭೂಷಣ ಬಂತು, ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರಿದೆ. ಆದರೆ ಆ ಹನ್ನೊಂದರ ಹುಡುಗಿಯ ಹೆದರಿಕೆಯನ್ನು ಇವು ಅಳಿಸುತ್ತವಾ? ನನಗೆ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ನಮ್ಮ ಭಾಗದ ಹಲವು ಜಾತಿಗಳಲ್ಲಿ ಉಡಿಕಿ ಅನ್ನುವ ಪದ್ಧತಿ ಇತ್ತು. ಗಂಡ ಸತ್ತ ಹೆಣ್ಣು ಇನ್ನೊಬ್ಬ ಕೊಟ್ಟ ಸೀರೆ ಉಟ್ಟು ಮತ್ತೆ ಸಂಸಾರ ಹೂಡಬಹುದಿತ್ತು. ಬ್ರಿಟಿಷರು ವಿಧವಾ ವಿವಾಹದ ಕಾಯ್ದೆ ತಂದದ್ದು 1856ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಳ್ಳಿಗಳು ಈ ದಾರಿ ತೆರೆದಿದ್ದವು. ಇದನ್ನು ಎದೆಯುಬ್ಬಿಸಿ ಹೇಳಬೇಕು ಅನ್ನಿಸುತ್ತದೆ. ಆದರೆ ಆ ಮದುವೆ ರಾತ್ರಿ ಹೊತ್ತು, ಸದ್ದಿಲ್ಲದೆ ನಡೆಯುತ್ತಿತ್ತು. ಮುತ್ತೈದೆಯರು ಎದುರಿಗೆ ಬರುತ್ತಿರಲಿಲ್ಲ. ಉಡಿಕಿಯಾದವಳು ಮುಂದೆಯೂ ಶುಭಕಾರ್ಯದಲ್ಲಿ ಹಿಂದೆಯೇ ನಿಲ್ಲಬೇಕಿತ್ತು. ಬಾಗಿಲು ತೆಗೆದರು, ಆದರೆ ಹಿತ್ತಲ ಬಾಗಿಲು.

ಅದಕ್ಕೇ ನಮ್ಮ ಸಂಸ್ಕೃತಿಯಲ್ಲಿ ಎಲ್ಲಾ ಇದೆ ಅಂತ ಎದೆ ತಟ್ಟಿಕೊಳ್ಳುವವರ ಜೊತೆಗೂ ನನಗೆ ನಿಲ್ಲಲು ಆಗುವುದಿಲ್ಲ, ಎಲ್ಲಾ ಗೊಡ್ಡು ಸಂಪ್ರದಾಯ ಅಂತ ಕೊಡವಿಕೊಂಡು ಹೋಗುವವರ ಜೊತೆಗೂ ಆಗುವುದಿಲ್ಲ. ಇಬ್ಬರೂ ದೊಡ್ಡವ್ವನನ್ನು ನೋಡಿಲ್ಲ.

ಕುಬಸದ ದಿನಕ್ಕೆ ಬರುತ್ತೇನೆ. ಅಪ್ಪನ ಕಡೆಯ ಅಜ್ಜಿಯೊಬ್ಬರು ಮೆಲ್ಲಗೆ ಅಂದರು, "ಚೊಚ್ಚಿಲ ಬಸುರು ಐತಿ, ಹಂಗೆಲ್ಲ ಮಾಡಬಾರದವಾ." ಕೆಟ್ಟವರಲ್ಲ ಅವರು. ತಂಗಿ ಬಸುರಿ ಅಂತ ತಿಳಿದ ದಿನದಿಂದ ವಾರಕ್ಕೊಮ್ಮೆ ತುಪ್ಪ ಕಳಿಸುತ್ತಿದ್ದವರು. ಆದರೆ ದೊಡ್ಡವ್ವ ಲಟ್ಟಿಸಿದ ಹೋಳಿಗೆ ಅವರ ಹೊಟ್ಟೆಗೆ ನಡೆಯುತ್ತದೆ, ಅವಳು ಹಾಕುವ ಅಕ್ಕಿ ಉಡಿಗೆ ನಡೆಯುವುದಿಲ್ಲ. ಯಾಕೆ ಅಂತ ಕೇಳಬೇಕು ಅಂದುಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ದೊಡ್ಡವ್ವನೇ ಹೇಳಿದಳು, "ಅಜ್ಜಿ ಹೇಳೂದು ಖರೇ ಐತಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಅದು ನನ್ನ ತಲಿ ಮ್ಯಾಲೆ ಬರತೈತಿ."

ಆ ಮಾತು ನನ್ನನ್ನು ಇನ್ನೂ ಕೊರೆಯುತ್ತಿದೆ. ಇಷ್ಟು ವರ್ಷ ಅವಳು ಹಿಂದೆ ನಿಂತದ್ದು ಯಾರೋ ನಿಲ್ಲಿಸಿದ್ದಕ್ಕೆ ಅಂತ ತಿಳಿದಿದ್ದೆ. ಅವಳು ಹೆದರಿ ನಿಂತಿದ್ದಳು. ದಲಾಲಿಗೆ ಹೆದರದವಳು, ಊರ ಹಿರಿಯರಿಗೆ ಹೆದರದವಳು, ತನ್ನ ಕೈಗೇ ಹೆದರಿದ್ದಳು.

ತಂಗಿ ಎದ್ದಳು. ತುಂಬಿದ ಉಡಿಯನ್ನು ಒಂದು ಕೈಲಿ ಗಟ್ಟಿ ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು, ನಿಧಾನವಾಗಿ ಅಡುಗೆಮನೆಗೆ ಹೋಗಿ ದೊಡ್ಡವ್ವನ ಲಟ್ಟಣಿಗೆ ಮಣೆಯ ಮುಂದೆ ಕೂತಳು. ಏನೂ ಮಾತಾಡಲಿಲ್ಲ. ಸೆರಗು ಒಡ್ಡಿದಳು.

ದೊಡ್ಡವ್ವನ ಕೈಯೆಲ್ಲಾ ಹೂರಣ. ಬಹಳ ಹೊತ್ತು ಹಾಗೇ ನೋಡುತ್ತಾ ಕೂತಳು. ಆಮೇಲೆ ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಡಬ್ಬಿಯಿಂದ ಅಕ್ಕಿ ತೆಗೆದಳು. ಮೊದಲ ಹಿಡಿ ಅರ್ಧ ನೆಲಕ್ಕೇ ಚೆಲ್ಲಿತು. ಐದು ಹಿಡಿ ಹಾಕಿದಳು. ಅವ್ವ ಕುಂಕುಮದ ಬಟ್ಟಲು ಮುಂದೆ ಹಿಡಿದರೆ ಅದಕ್ಕೆ ಮಾತ್ರ ಒಪ್ಪಲಿಲ್ಲ. "ಕುಂಕುಮ ನೀ ಹಚ್ಚು" ಅಂತ ಅವ್ವನ ಕೈಯನ್ನು ಹಿಂದಕ್ಕೆ ಸರಿಸಿದಳು.

ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೋದಳು, ಹೊಲದಲ್ಲಿ ಕೆಲಸ ಇತ್ತು. ಅವತ್ತಿನಿಂದ ದಿನಾ ಸಂಜೆ ಫೋನ್ ಮಾಡುತ್ತಾಳೆ. ಕೂಸು ಹೊರಳಾಡುತ್ತದಾ, ಕಾಲು ಬಾತಿದೆಯಾ, ಡಾಕ್ಟರ್ ಏನಂದರು. ಮೊದಲೆಲ್ಲಾ ವಾರಕ್ಕೊಮ್ಮೆ ಮಾಡುತ್ತಿದ್ದವಳು. ನಿನ್ನೆ ಎರಡು ಸಲ ಮಾಡಿದ್ದಳು. ಹೆರಿಗೆಗೆ ಇನ್ನೂ ಆರು ವಾರ ಇದೆ.