ಹತ್ತು ಮಿಲಿಮೀಟರಿನ ತೂತು

ಕೊಪ್ಪಳ ತಾಲ್ಲೂಕಿನ ಇರಕಲ್‌ಗಡದ ಕಡೆ ನನ್ನ ಸೋದರಮಾವನ ಹೊಲದ ಅಂಚಿನಲ್ಲಿ ಸುಮಾರು 15 ಮೀಟರ್ ಎತ್ತರದ ನುಣ್ಣನೆಯ ಬಂಡೆಯೊಂದಿದೆ. ಅದರ ನೆತ್ತಿಯಲ್ಲಿ ಹಗ್ಗ ಬಿಗಿಯಲು ಮರವಾಗಲಿ ಬಿರುಕಾಗಲಿ ಇಲ್ಲದ ಕಾರಣ, ಹಗ್ಗದ ಆಸರೆಯಿಂದ ಅದನ್ನು ಹತ್ತಬೇಕಾದರೆ ಮೇಲೆ ಎರಡು ಬೋಲ್ಟ್ ಕೂರಿಸಲೇಬೇಕಿತ್ತು. ಆನೆಗೊಂದಿ, ಸಾಣಾಪುರದ ಗುಂಡುಗಳನ್ನು ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸು ಹಾಸಿಕೊಂಡು ಹತ್ತಿಯಷ್ಟೇ ನನಗೆ ರೂಢಿ. ಹಂಪಿಯ ಪರಂಪರೆಗೆ ಸೇರಿದ ಆ ಕಲ್ಲುಗಳಿಗೆ ತೂತು ಕೊರೆಯುವ ಯೋಚನೆಯನ್ನೇ ಮಾಡಬಾರದು. ಇದು ಮಾವನ ಸ್ವಂತ ಹೊಲದ ಬಂಡೆ, ಅವರೇ ಒಪ್ಪಿದ್ದರು.

ಬೆಂಗಳೂರಿನ ಗೆಳೆಯನೊಬ್ಬ 10 ಮತ್ತು 12 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನೂ, ಬಿಟ್ (ಕಲ್ಲು ಕೊರೆಯುವ ಉಕ್ಕಿನ ಕಡ್ಡಿ) ಸಿಕ್ಕಿಸಿ ಸುತ್ತಿಗೆಯಿಂದ ಹೊಡೆಯುವ ಕೈಹಿಡಿಕೆಯೊಂದನ್ನೂ ಕಳಿಸಿಕೊಟ್ಟಿದ್ದ. ತೂತು ಕೊರೆಯುವ ಬ್ಯಾಟರಿ ಮಷೀನು ನಮ್ಮ ಬಳಿ ಇರಲಿಲ್ಲ; ಎರಡು ತೂತಿಗಾಗಿ ಅದನ್ನು ಕೊಳ್ಳುವುದು ದಂಡವೆಂದು ನಾನೇ ನಿರ್ಧರಿಸಿದ್ದೆ. ಬಿಟ್ ಮಾತ್ರ ನಾನು ಕೊಪ್ಪಳದ ಹಾರ್ಡ್‌ವೇರ್ ಅಂಗಡಿಯಲ್ಲಿ ತರಬೇಕಿತ್ತು. ಅಂಗಡಿಯವರು ತೋರಿಸಿದ್ದರಲ್ಲಿ ಎಲ್ಲಕ್ಕಿಂತ ದುಬಾರಿಯಾದ, ತುದಿಯಲ್ಲಿ ಕೂಡಿಸುವ ಚಿಹ್ನೆಯಂತೆ ನಾಲ್ಕು ಅಲಗುಗಳಿದ್ದ 12 ಮಿ.ಮೀ. ಬಿಟ್ಟನ್ನೇ ಆರಿಸಿಕೊಂಡೆ. ದಪ್ಪ ಬೋಲ್ಟು ಗಟ್ಟಿ, ನಾಲ್ಕು ಅಲಗು ಒಂದಕ್ಕಿಂತ ಮೇಲು ಎಂಬುದು ನನ್ನ ಲೆಕ್ಕವಾಗಿತ್ತು.

ಮರುದಿನ ಬೆಳಗ್ಗೆ ನೆತ್ತಿಗೆ ಹೋಗಿ, ಸುತ್ತಿಗೆಯಿಂದ ಬಂಡೆಯನ್ನು ಅಲ್ಲಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಬಿಟ್ಟು ಖಣಖಣ ಎಂದ ಜಾಗದಲ್ಲಿ ಗುರುತು ಹಾಕಿದೆ. ನಮ್ಮ ಗ್ರಾನೈಟ್ ಬಂಡೆಗಳು ಈರುಳ್ಳಿಯ ಸಿಪ್ಪೆಯಂತೆ ಪದರು ಬಿಡುತ್ತವೆ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಪದರು ಎದ್ದಿದ್ದರೆ ಅಲ್ಲಿ ಹಾಕಿದ ಬೋಲ್ಟನ್ನು ನಂಬುವಂತಿಲ್ಲ. ಒಂದು ಗಂಟೆ ಹೊಡೆದೆ. ಅಂಗೈಯಲ್ಲಿ ಬೊಬ್ಬೆಗಳೆದ್ದವು, ತೂತಿನ ಆಳ ಮಾತ್ರ ಬೆರಳಿನ ಉಗುರಿನಷ್ಟೂ ಆಗಿರಲಿಲ್ಲ.

ಮಾವ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದೊಳಗೆ ಕಲ್ಲು ಕೊರೆಯುವ ಕೆಲಸ ಮಾಡಿ ನಿವೃತ್ತರಾದವರು. ಬುತ್ತಿ ಹಿಡಿದುಕೊಂಡು ಮೇಲೆ ಬಂದವರು ಬಿಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. "ಇದು ಮಷೀನಿಗೆ ಮಾಡಿದ್ದು ಅಳ್ಯಾ. ಮಷೀನು ನಿಮಿಷಕ್ಕ ಸಾವಿರಗಟ್ಟಲೆ ಪೆಟ್ಟು ಹಾಕ್ತೈತಿ, ನೀ ಎಷ್ಟು ಹಾಕ್ತಿ? ಇರೋ ಒಂದು ಪೆಟ್ಟನ್ನ ನಾಕು ಕಡೆ ಹಂಚಿದ್ರ ಕಲ್ಲಿಗೆ ಏನು ತಟ್ಟತೈತಿ?" ಎಂದರು. ಕೈಯ ಪೆಟ್ಟಿನ ಬಲ ಕಡಿಮೆ. ಅದು ಒಂದೇ ಗೆರೆಯ ಅಲಗಿನ ಮೇಲೆ ಬಿದ್ದರೆ ಮಾತ್ರ ಕಲ್ಲಿನ ಹರಳು ಪುಡಿಯಾಗುತ್ತದೆ, ನಾಲ್ಕು ಅಲಗಿಗೆ ಹಂಚಿಹೋದರೆ ಕಲ್ಲು ನಡುಗಿ ಸುಮ್ಮನಾಗುತ್ತದೆ. ದಪ್ಪದ ಲೆಕ್ಕವನ್ನು ನಾನೇ ಅಲ್ಲಿ ಕುಳಿತು ಮಾಡಿದೆ. 80 ಮಿ.ಮೀ. ಆಳಕ್ಕೆ 12ರ ಬಿಟ್ ಸುಮಾರು 9 ಘನ ಸೆಂಟಿಮೀಟರ್ ಕಲ್ಲನ್ನು ಪುಡಿ ಮಾಡಬೇಕು, 10ರ ಬಿಟ್ಟಿಗೆ ಸುಮಾರು 6.3 ಸಾಕು. ಎರಡು ಮಿಲಿಮೀಟರಿನ ಆಸೆಗೆ ನಾನು ಹತ್ತಿರ ಹತ್ತಿರ ಒಂದೂವರೆ ಪಟ್ಟು ದುಡಿಮೆ ಮೈಮೇಲೆ ಎಳೆದುಕೊಂಡಿದ್ದೆ. ಮೆತ್ತನೆಯ ಮರಳುಗಲ್ಲಾಗಿದ್ದರೆ ದಪ್ಪ, ಉದ್ದದ ಬೋಲ್ಟು ಬೇಕೆನ್ನುವುದು ಸರಿ. ಇಂಥ ಗಟ್ಟಿ ಗ್ರಾನೈಟಿಗೆ 10 ಸಾಕು. ಶ್ರಮ ಉಳಿಯುತ್ತದೆಂದು 8ಕ್ಕೆ ಇಳಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆ ಬೋಲ್ಟಿಗೆ ನಾಳೆ ಜೋತು ಬೀಳುವವರು ಬೇರೆಯವರೂ ಆಗಿರಬಹುದು.

ಮತ್ತೆ ಕೊಪ್ಪಳಕ್ಕೆ ಹೋಗಿ 10 ಮಿ.ಮೀ. ದಪ್ಪದ, 160 ಮಿ.ಮೀ. ಉದ್ದದ, ಎರಡು ಕಡೆ ಇಳಿಜಾರಾದ ಒಂದೇ ಅಲಗಿನ ಬಿಟ್ ತಂದೆ. ಉದ್ದನೆಯ ಬಿಟ್ ಆರಂಭದಲ್ಲಿ ಅಲುಗಾಡಿ ತೂತಿನ ಬಾಯಿ ಕೆಡಿಸುತ್ತದೆಂದು ಕೇಳಿದ್ದರಿಂದ, ಮನೆಯಲ್ಲಿದ್ದ 110 ಮಿ.ಮೀ. ಉದ್ದದ ಹಳೆಯ ಬಿಟ್ಟಿನಿಂದ ಶುರುಮಾಡಿ, ಅರ್ಧ ಆಳವಾದ ಮೇಲೆ ಹೊಸದನ್ನು ಹಾಕುವುದೆಂದುಕೊಂಡೆ. ಈ ಬಾರಿ ಕಲ್ಲು ಮಾತು ಕೇಳಿತು: ಹಗುರ ಸುತ್ತಿಗೆಯ ಸಣ್ಣ ಪೆಟ್ಟು, ಪ್ರತಿ ಪೆಟ್ಟಿಗೂ ಹಿಡಿಕೆಯನ್ನು ಸ್ವಲ್ಪ ತಿರುಗಿಸುವುದು, ಆಗಾಗ ರಬ್ಬರ್ ಕೊಳವೆಯಿಂದ ಪುಡಿ ಊದಿ ತೆಗೆಯುವುದು. ಬಿಟ್ಟಿನ ತುದಿಗೆ ಕೂರಿಸಿದ ಕಾರ್ಬೈಡ್ ಗಟ್ಟಿಯಾದರೂ ಗಾಜಿನಂತೆ ಮುರುಕು ಸ್ವಭಾವದ್ದಾದ್ದರಿಂದ ದೊಡ್ಡ ಸುತ್ತಿಗೆಯನ್ನು ಮಾವ ನನ್ನ ಕೈಯಿಂದ ಕಿತ್ತುಕೊಂಡಿದ್ದರು. ಊದುವಾಗಲೆಲ್ಲ ಅವರು ಗಾಳಿಯ ಮೇಲ್ಗಡೆಗೆ ಸರಿದು ನಿಂತು ನನಗೂ ಮೂಗಿಗೆ ಬಟ್ಟೆ ಕಟ್ಟಿಸಿದರು. ಕಲ್ಲಿನ ಧೂಳು ಪುಪ್ಪುಸಕ್ಕೆ ಏನು ಮಾಡುತ್ತದೆಂಬುದನ್ನು ಗಣಿಯಲ್ಲಿ ದುಡಿದವರಿಗೆ ಹೇಳಿಕೊಡಬೇಕಾಗಿಲ್ಲ.

40 ಮಿ.ಮೀ. ಆದ ಮೇಲೆ ಹೊಸ ಬಿಟ್ ಇಳಿಸಿ ನಾಲ್ಕು ಪೆಟ್ಟು ಹಾಕಿದ್ದೇ ತಡ, ಅದು ತೂತಿನ ಬಾಯಲ್ಲೇ ಕಚ್ಚಿಕೊಂಡುಬಿಟ್ಟಿತು. ಇಕ್ಕಳದಲ್ಲಿ ಹಿಡಿದು ಅತ್ತಿತ್ತ ತಿರುವಿ ಹೊರತೆಗೆಯಲು ಅರ್ಧ ಗಂಟೆ ಹಿಡಿಯಿತು. ವರ್ನಿಯರ್ ಹಿಡಿದು ಅಳೆದರೆ ಹೊಸ ಬಿಟ್ಟಿನ ತುದಿ 10.3 ಇತ್ತು, ಸವೆದ ಹಳೆಯದು ಬರೀ 10. ಹೊಸ ಬಿಟ್ಟಿನ ತುದಿಯನ್ನು ಹೆಸರಿನ ಅಳತೆಗಿಂತ ಕೂದಲಷ್ಟು ಹೆಚ್ಚು ಇಟ್ಟೇ ಮಾಡಿರುತ್ತಾರೆ, ಇಲ್ಲದಿದ್ದರೆ 10ರ ಬೋಲ್ಟು 10ರ ತೂತಿಗೆ ಇಳಿಯುವುದೇ ಇಲ್ಲ. ನಾನು ಕಿರಿದಾದ ತೂತು ಮಾಡಿ ಅದರೊಳಗೆ ಹಿರಿದನ್ನು ತುರುಕಿದ್ದೆ. "ಗಣಿಯೊಳಗ ಇದು ಉಲ್ಟಾ" ಎಂದರು ಮಾವ. "ಮೊದಲನೇ ಗಿಡ್ಡ ರಾಡಿನ ಬಾಯಿ ದಪ್ಪ ಇರ್ತೈತಿ, ಉದ್ದಂದು ಹಾಕ್ಕೋತ ಹೋದಂಗ ಬಾಯಿ ಸಣ್ಣಾಕ್ಕೋತ ಹೋಗ್ತೈತಿ. ಅದಕ್ಕ ಸಿಗಬೀಳಂಗಿಲ್ಲ." ಬಿಟ್ಟುಗಳನ್ನು ಒಂದೊಂದಾಗಿ ಅಲ್ಲ, ಜೋಡಿಯಾಗಿ ಅಳೆದು ಆರಿಸಬೇಕೆಂದು ನನಗೆ ಹೊಳೆದದ್ದು ಆಗ.

ಆ ತೂತನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಬಂಡೆಯ ಮೇಲೆ ಕೆಲಸಕ್ಕೆ ಬಾರದ ತೂತೊಂದು ಕಾಯಂ ಉಳಿಯುವುದು ನನಗೆ ಸೇರದು, ಬೆಳಗಿನ 12ರ ಗುಳಿಯೇ ಸಾಕಾಗಿತ್ತು. ಹೊಸ ಬಿಟ್ಟಿನಿಂದಲೇ ಬಾಯಿಂದ ಬುಡದವರೆಗೆ ಮೆಲ್ಲಮೆಲ್ಲನೆ ತಟ್ಟಿ ಅಗಲ ಮಾಡಿದೆ. ಒಂದೇ ಅಲಗಿನ ಬಿಟ್ಟಿಗೂ ಒಂದು ದೋಷವುಂಟು: ಪ್ರತಿ ಸಲ ಒಂದೇ ಅಳತೆಯಲ್ಲಿ ತಿರುಗಿಸಿದರೆ ತೂತು ದುಂಡಗಾಗದೆ ಮುಮ್ಮೂಲೆಯಾಗುತ್ತದೆ, ಬುಡಕ್ಕೆ ಸುತ್ತಿದ ಲೋಹದ ಪಟ್ಟಿ ಹಿಗ್ಗಿ ಕಲ್ಲನ್ನು ಅಪ್ಪಿಹಿಡಿಯುವ ಈ ಬಗೆಯ ಬೋಲ್ಟಿಗೆ ಅದು ಒಗ್ಗುವುದಿಲ್ಲ. ಈ ವಿಷಯದಲ್ಲಿ ನಾಲ್ಕು ಅಲಗಿನದೇ ಮೇಲು ಎಂಬುದನ್ನು ಒಪ್ಪಬೇಕು. ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ತಿರುಗಿಸುತ್ತ ನಾನು ಅದನ್ನು ತಪ್ಪಿಸಿಕೊಂಡೆ.

ಎರಡನೆಯ ತೂತಿಗೆ ಹಳೆಯ ಬಿಟ್ಟನ್ನು ಮುಟ್ಟಲಿಲ್ಲ. ಮಾವ ಚಾಣದಿಂದ ಕಡಲೆಕಾಳಿನಷ್ಟು ಗುಳಿ ತೋಡಿಕೊಟ್ಟರು, ಅದರಲ್ಲಿ ಹೊಸ ಬಿಟ್ ಅಲುಗಾಡದೆ ನಿಂತಿತು, ಮುಕ್ಕಾಲು ಗಂಟೆಯಲ್ಲಿ ಬಿಟ್ಟಿಗೆ ಸುತ್ತಿದ್ದ ಟೇಪಿನ ಗುರುತು ಬಂಡೆಯ ಮೈಗೆ ತಾಗಿತು. ಸೂರ್ಯ ಇಳಿಯುವ ಹೊತ್ತಿಗೆ ಎರಡೂ ಬೋಲ್ಟಿಗೆ ಹ್ಯಾಂಗರ್ (ಹಗ್ಗದ ಕೊಂಡಿ ಸಿಕ್ಕಿಸುವ ಲೋಹದ ತಗಡು) ಹಾಕಿ ನಟ್ ಬಿಗಿದೆವು. 12ರ ನಾಲ್ಕು ಅಲಗಿನ ಬಿಟ್ಟನ್ನು, ಮನೆಯ ಗೋಡೆಗೆ ನಲ್ಲಿ ಪೈಪಿನ ಕ್ಲಾಂಪು ಹಾಕಲು ಎಲೆಕ್ಟ್ರಿಷಿಯನ್ನನ ಮಷೀನಿಗೆ ಕೊಡುವೆನೆಂದು ಮಾವ ಜೇಬಿಗೆ ಹಾಕಿಕೊಂಡರು.