ಹುಷಾರಾಗಿರುವವರ ಹೊಟ್ಟೆಯಲ್ಲಿ ಎಂತಕ್ಕೆ ವೈರಸ್ ಹುಡುಕುವುದು?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಬದಿಯಡ್ಕ ಪೇಟೆಯಲ್ಲಿ, ಕುಂಬಳೆ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ. ಕಾಯಿಲೆ ಏನೂ ಇಲ್ಲದವರ ಮಲದ ಮಾದರಿ ತಗೊಂಡು ಅದರಿಂದ ವೈರಸ್ ಬೇರ್ಪಡಿಸುವುದು ನನ್ನ ಕೆಲಸ. ಇಷ್ಟು ಹೇಳಿದ ಕೂಡಲೇ ಎದುರಿದ್ದವರು ಕೇಳುತ್ತಾರೆ: "ಅಲ್ಲ ಮಾರಾಯ್ರೆ, ಹುಷಾರಿಲ್ಲದವರನ್ನು ಬಿಟ್ಟು ಹುಷಾರಿದ್ದವರ ಹೊಟ್ಟೆಯಲ್ಲಿ ಎಂತಕ್ಕೆ ವೈರಸ್ ಹುಡುಕುವುದು?"

ಕೇಳುವುದರಲ್ಲಿ ತಪ್ಪೇನಿಲ್ಲ. ಕಾಸರಗೋಡಿನವರಿಗೆ ವೈರಸ್ ಅಂದರೆ 2018ರ ನಿಪಾ ಭಯ. ಇಲ್ಲದಿದ್ದರೆ 2020ರಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ತಲಪಾಡಿ ಗಡಿಯಿಂದ ವಾಪಸ್ ಬಂದದ್ದು. ಆ ನೆನಪು ಇಟ್ಟುಕೊಂಡವರಿಗೆ "ನಿಮ್ಮ ಹೊಟ್ಟೆಯಲ್ಲೂ ವೈರಸ್ ಇದೆ, ಇರಲಿ ಬಿಡಿ" ಅಂದರೆ ಹೇಗನಿಸಬೇಡ?

ಆದರೆ ಇದೆ. ಒಂದು ಗ್ರಾಂ ಮಲದಲ್ಲಿ ಸುಮಾರು ನೂರು ಕೋಟಿ, ಕೆಲವರಲ್ಲಿ ಅದಕ್ಕಿಂತಲೂ ಜಾಸ್ತಿ. ಇವುಗಳಲ್ಲಿ ಹೆಚ್ಚಿನವಕ್ಕೆ ನಾವು ಬೇಕಾಗಿಯೇ ಇಲ್ಲ. ಅವು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳು. ಬ್ಯಾಕ್ಟೀರಿಯೋಫೇಜ್ ಅಂತ ಹೆಸರು, ನಾವು ಸುಮ್ನೆ ಫೇಜ್ ಅನ್ನುತ್ತೇವೆ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡೆರೆಲ್ 1917ರಲ್ಲಿ ಇಟ್ಟ ಹೆಸರು ಅದು. ಭೇದಿಯಿಂದ ಚೇತರಿಸಿಕೊಳ್ಳುತ್ತಿದ್ದವರ ಮಲವನ್ನು ಸೋಸಿ, ಆ ನೀರನ್ನು ಬ್ಯಾಕ್ಟೀರಿಯಾದ ಮೇಲೆ ಹಾಕಿದಾಗ ಬ್ಯಾಕ್ಟೀರಿಯಾ ಕರಗಿ ಹೋಗುವುದನ್ನು ಅವರು ನೋಡಿದ್ದರು. ಡೈರಿಗಳಲ್ಲಿ ಕೆಲಸ ಮಾಡುವವರಿಗೆ ಫೇಜ್ ಚೆನ್ನಾಗಿ ಗೊತ್ತು. ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಫೇಜ್ ತಗುಲಿದರೆ ಟ್ಯಾಂಕಿನ ಹಾಲು ಮೊಸರಾಗುವುದಿಲ್ಲ. ಅದಕ್ಕೇ ಅಲ್ಲಿ ಹೆಪ್ಪನ್ನು ಆಗಾಗ ಬದಲಾಯಿಸುತ್ತಾ ಇರುತ್ತಾರೆ.

ಇನ್ನು ಕೆಲವು ವೈರಸ್ ಊಟದ ಜೊತೆ ಬರುತ್ತವೆ. 2006ರಲ್ಲಿ ಆರೋಗ್ಯವಂತರ ಮಲದಲ್ಲಿ ಆರ್‌ಎನ್‌ಎ ವೈರಸ್‌ಗಳನ್ನು ಹುಡುಕಿದಾಗ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಮೆಣಸಿನ ಗಿಡದ ಎಲೆಗೆ ಮಚ್ಚೆ ಬರಿಸುವ ವೈರಸ್. ಗಿಡಕ್ಕೆ ಅದು ರೋಗ. ನಮ್ಮಲ್ಲಿ ಮೆಣಸಿನ ಜೊತೆ ಒಳಗೆ ಹೋಗಿ, ಹಾಗೇ ಹೊರಗೆ ಬರುತ್ತದೆ. ಈಗ ಹೊಳೆ ನೀರಿಗೆ ಮನುಷ್ಯರ ಕೊಳಚೆ ಸೇರಿದೆಯಾ ಅಂತ ನೋಡುವುದಕ್ಕೂ ಇದನ್ನು ಗುರುತಾಗಿ ಬಳಸುತ್ತಾರೆ.

ಸರಿ, ಇವೆ. ಆದರೆ ಹುಡುಕುವುದು ಎಂತಕ್ಕೆ?

ನನ್ನ ಉತ್ತರ ಅಪ್ಪನ ತೋಟದಿಂದ ಬಂದದ್ದು. ಅಡಿಕೆ ಮರದ ಸೋಗೆ ಹಳದಿಯಾದರೆ ಅಪ್ಪ ಆ ಮರದ ಬುಡದ ಮಣ್ಣು ತೆಗೆಯುತ್ತಾರೆ. ಅದರ ಜೊತೆಗೆ ಎರಡು ಸಾಲು ಆಚೆ ಹಸಿರಾಗಿ ನಿಂತ ಮರದ ಬುಡದಿಂದಲೂ ಒಂದು ಮುಷ್ಟಿ. ಬೇರೆ ಬೇರೆ ಕವರಿಗೆ ಹಾಕಿ, ಗುರುತು ಬರೆದು ಕಳಿಸುತ್ತಾರೆ. ಎರಡರ ವರದಿಯೂ ಒಂದೇ ತರ ಬಂದರೆ ಹಳದಿಗೆ ಮಣ್ಣನ್ನು ಬೈದು ಪ್ರಯೋಜನವಿಲ್ಲ, ಅಲ್ವಾ? ಆ ಎರಡನೇ ಕವರೇ ನಮ್ಮ ಇಡೀ ಲ್ಯಾಬಿನ ಕೆಲಸ.

ಎರಡನೇ ಕವರ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. 1997ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಗೆ ರಕ್ತ ಕೊಟ್ಟ ಮೇಲೆ ಹೆಪಟೈಟಿಸ್, ಅಂದರೆ ಲಿವರ್‌ನ ಉರಿಯೂತ ಬಂತು, ಗೊತ್ತಿದ್ದ ಯಾವ ವೈರಸ್ಸೂ ಕಾರಣ ಆಗಿರಲಿಲ್ಲ. ರಕ್ತದಲ್ಲಿ ಒಂದು ಹೊಸ ವೈರಸ್ ಸಿಕ್ಕಿತು. ರೋಗಿಯ ಹೆಸರಿನ ಮೊದಲ ಅಕ್ಷರಗಳಿಂದ ಟಿಟಿ ವೈರಸ್ ಅಂದರು. ಇದೇ ಕಾರಣ ಇರಬೇಕು ಅಂತ ತುಂಬ ಜನ ನಂಬಿದರು. ಆಮೇಲೆ ಲಿವರ್ ಚೆನ್ನಾಗಿರುವವರ ರಕ್ತ ನೋಡಿದರೆ, ಅವರಲ್ಲೂ ಇತ್ತು. ದೇಶ ದೇಶಗಳಲ್ಲಿ ಹುಡುಕಿದ ಮೇಲೆ ಬಹುಪಾಲು ಜನರಲ್ಲಿ ಇದೆ ಅಂತ ಗೊತ್ತಾಯಿತು. ಇವತ್ತಿನವರೆಗೂ ಅದು ಯಾವುದಾದರೂ ಕಾಯಿಲೆ ತರುತ್ತದೆ ಅಂತ ಸಾಬೀತಾಗಿಲ್ಲ. ನನಗೆ ತುಂಬ ಇಷ್ಟವಾದ ವಿಷಯ ಇದರ ಮುಂದಿನ ಕಥೆ. ನಮ್ಮ ರೋಗನಿರೋಧಕ ಶಕ್ತಿ ಕಡಿಮೆಯಾದರೆ ಈ ವೈರಸ್‌ನ ಪ್ರಮಾಣ ಏರುತ್ತದೆ. ಹಾಗಾಗಿ ಕಿಡ್ನಿ, ಶ್ವಾಸಕೋಶ ಕಸಿ ಮಾಡಿಸಿಕೊಂಡವರಿಗೆ ಆ ಶಕ್ತಿಯನ್ನು ತಗ್ಗಿಸಲು ಕೊಡುವ ಔಷಧಿ ಜಾಸ್ತಿಯಾಯಿತಾ, ಕಡಿಮೆಯಾಯಿತಾ ಅಂತ ತಿಳಿಯುವುದಕ್ಕೆ ಅದನ್ನೇ ಅಳೆದು ನೋಡುತ್ತಿದ್ದಾರೆ. ಆರೋಗ್ಯವಂತರಲ್ಲಿ ಎಷ್ಟಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಈ ಅಳತೆಗೆ ಅರ್ಥವೇ ಇರುತ್ತಿರಲಿಲ್ಲ.

ಲ್ಯಾಬಿನ ಒಳಗೆ ಏನು ಮಾಡುತ್ತೇವೆ ಅಂತಲೂ ಕೇಳುತ್ತಾರೆ. ಮೈನಸ್ 80 ಡಿಗ್ರಿಯ ಫ್ರೀಜರಿನಿಂದ ಡಬ್ಬ ತೆಗೆದು, ಸ್ವಲ್ಪ ಮಾದರಿಯನ್ನು ಉಪ್ಪುನೀರಿನಂಥ ದ್ರಾವಣದಲ್ಲಿ ಕಲಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಸಿರಿಂಜಿಗೆ ಎಳೆದು, 0.45 ಮೈಕ್ರಾನ್ ತೂತಿನ ಫಿಲ್ಟರಿನ ಮೂಲಕ ಒತ್ತುವುದು. ಮೊದಲ ಹನಿಗಳು ಸಲೀಸಾಗಿ ಬರುತ್ತವೆ. ಆಮೇಲೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹೆಬ್ಬೆರಳು ನೋಯುವವರೆಗೆ ಒತ್ತಿದರೂ ಹನಿ ಬೀಳುವುದಿಲ್ಲ, ಹೊಸ ಫಿಲ್ಟರ್ ಹಾಕಬೇಕು. ನಮ್ಮಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆಯುವ ಸುರಂಗದಲ್ಲಿ ಬೇಸಿಗೆಯಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿದವರಿಗೆ ಆ ಕಾಯುವಿಕೆ ಅರ್ಥ ಆಗುತ್ತದೆ. ಬ್ಯಾಕ್ಟೀರಿಯಾ ಆಚೆ ಉಳಿಯುತ್ತದೆ, ವೈರಸ್ ಈಚೆ ಬರುತ್ತದೆ. ನೋಡಿದರೆ ಬರೀ ತಿಳಿ ಹಳದಿ ನೀರು. ಅದರ ಒಂದು ಹನಿಗೆ ಹೊಳೆಯುವ ಬಣ್ಣ ಸೇರಿಸಿ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆಗಳು, ಅಮಾವಾಸ್ಯೆಯ ರಾತ್ರಿ ಅಂಗಳದಲ್ಲಿ ನಿಂತು ತಲೆ ಎತ್ತಿದ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಲೆಕ್ಕ ಹಾಕುವುದು ಸುಲಭ, ಯಾವುದು ಯಾವುದು ಅಂತ ಹೇಳುವುದು ಕಷ್ಟ. ಬ್ಯಾಕ್ಟೀರಿಯಾಗಳಿಗೆಲ್ಲ ಸಾಮಾನ್ಯವಾದ ಒಂದು ಜೀನ್ ಇದೆ, ಅದನ್ನು ಓದಿ ಗುರುತು ಹಿಡಿಯಬಹುದು. ವೈರಸ್‌ಗಳಿಗೆ ಹಾಗೊಂದು ಇಲ್ಲ. 2014ರಲ್ಲಿ ಒಂದು ತಂಡ ಮಲದ ಮಾದರಿಗಳ ಹಳೆಯ ಡಿಎನ್ಎ ಡೇಟಾವನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಾ ಹೋದಾಗ ಸುಮಾರು 97,000 ಡಿಎನ್ಎ ಅಕ್ಷರಗಳ ಒಂದು ಫೇಜ್ ಸಿಕ್ಕಿತು. ಲೋಕದ ಅರ್ಧದಷ್ಟು ಜನರಲ್ಲಿ ಇರಬಹುದಾದ ವೈರಸ್, ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ! ಬಳಸಿದ ಸಾಫ್ಟ್‌ವೇರ್‌ನ ಹೆಸರಿನಿಂದಲೇ ಕ್ರಾಸ್‌ಫೇಜ್ ಅಂತ ಕರೆದರು. ಆ ಗುಂಪಿನ ಒಂದನ್ನು ಲ್ಯಾಬಿನಲ್ಲಿ ಬೆಳೆಸುವುದಕ್ಕೆ 2018 ಬರಬೇಕಾಯಿತು. ಐರ್ಲೆಂಡಿನ ಕಾರ್ಕ್‌ನಲ್ಲಿ ಅದನ್ನು ಬೆಳೆಸಿದರು. 2021ರಲ್ಲಿ ಇನ್ನೊಂದು ತಂಡ 28,060 ಮಾದರಿಗಳ ಡೇಟಾ ಜಾಲಾಡಿ 1,42,809 ಕರುಳಿನ ಫೇಜ್‌ಗಳ ಪಟ್ಟಿ ಮಾಡಿತು. ಅರ್ಧಕ್ಕಿಂತ ಹೆಚ್ಚು ಹೊಸವು.

ಎಚ್ಚರವೂ ಬೇಕು. 2013ರಲ್ಲಿ ಹೆಪಟೈಟಿಸ್ ರೋಗಿಗಳಲ್ಲಿ ಸಿಕ್ಕಿತು ಅಂದುಕೊಂಡ ಒಂದು ಹೊಸ ವೈರಸ್, ಡಿಎನ್ಎ ತೆಗೆಯುವ ಕಿಟ್‌ನ ಸಿಲಿಕಾದಿಂದ ಬಂದದ್ದು ಅಂತ ಅದೇ ವರ್ಷ ಗೊತ್ತಾಯಿತು. ಆದ್ದರಿಂದ ಪ್ರತಿ ಸಲವೂ ಬರೀ ಶುದ್ಧ ನೀರಿನ ಒಂದು ಟ್ಯೂಬನ್ನು ಮಾದರಿಗಳ ಜೊತೆಗೇ ಸಾಲಿನಲ್ಲಿ ನಡೆಸುತ್ತೇವೆ. ಅದರಲ್ಲಿ ಸಿಕ್ಕಿದ್ದು ನಿಮ್ಮದಲ್ಲ, ಕಿಟ್‌ನದು.

ಇಷ್ಟೆಲ್ಲ ಕೇಳಿದ ಮೇಲೆ ಪೆರ್ಲದ ಚಿಕ್ಕಮ್ಮ ಹೋದ ತಿಂಗಳು ಕೇಳಿದರು: "ಹಾಗಾದ್ರೆ ನನ್ನದೂ ಒಮ್ಮೆ ಪರೀಕ್ಷೆ ಮಾಡಿಸಬಹುದಾ?" ಬೇಡ ಅಂದೆ. ಆರೋಗ್ಯವಾಗಿರುವ ಒಬ್ಬರ ಫೇಜ್ ಪಟ್ಟಿಯನ್ನು ಓದಿ ಔಷಧಿ ಬರೆಯುವುದು ಇವತ್ತು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಹಾಗೆ ಮಾಡಿಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಧ್ಯಯನಕ್ಕೆ ಮಾದರಿ ಕೊಡುವುದು ಬೇರೆ ವಿಷಯ. ಈವರೆಗಿನ ಡೇಟಾ ಹೆಚ್ಚಾಗಿ ಅಮೆರಿಕ, ಯುರೋಪ್, ಚೀನಾದವರದ್ದು. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ತಿಂದು, ಸುರಂಗದ ನೀರು ಕುಡಿದು ಬೆಳೆದವರ ಎರಡನೇ ಕವರ್ ಅದರಲ್ಲಿ ಇಲ್ಲ. ಚಿಕ್ಕಮ್ಮ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಸಹಿ ಹಾಕುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಓದದೆ ಸಹಿ ಹಾಕುವುದಿಲ್ಲ. ಈ ವಾರ ಅದನ್ನೇ ಬರೆಯುತ್ತಾ ಕೂತಿದ್ದೇನೆ. ವೈರಸ್ ಅನ್ನುವ ಪದ ನೋಡಿ ಅವರು ಕಾಗದ ಕೆಳಗಿಡದ ಹಾಗೆ ಮೊದಲ ಸಾಲು ಬರಬೇಕು. ಮೂರು ಸಲ ಬರೆದು ಅಳಿಸಿದ್ದೇನೆ.